ತಿದ್ದುಪಡಿ

ಸೂಚನಾಫಲಕಕ್ಕೆ ಹಳದಿ ಚೀಟಿ ಅಂಟಿಸಿದೆ:
ಖಗೋಳ ಪರಿಚಯ, ಕೋಣೆ ಹದಿನಾಲ್ಕು,
ರಾತ್ರಿ ಎಂಟರ ಬದಲು ಬೆಳಿಗ್ಗೆ ಹನ್ನೊಂದಕ್ಕೆ.

ನಕ್ಕರು ಎಲ್ಲ. ಹಾಡುಹಗಲೇ ನಕ್ಷತ್ರ ತೋರಿಸ್ತೀರಾ
ಅಂದ ಕಾವಲಿನ ಡ್ವೇನ್ ಕೂಡ.
ಮೇಷ್ಟ್ರು ಹಾಲ್ವರ್ಸನ್ ಮಾತಾಡಲಿಲ್ಲ;
ದೂರದರ್ಶಕಕ್ಕೆ ಗವುಸು ತೊಡಿಸಿ
ಬೀರುವಿನ ಬೀಗ ಎರಡೆರಡು ಸಲ ಜಗ್ಗಿ ನೋಡಿದರು.

ಏಳು ಹೆಸರು ಹೊಡೆದುಹಾಕಿದೆ.
ಒಂದು ಮಾತ್ರ ಹೊಸದಾಗಿ ಬರೆಯಬೇಕಾಯ್ತು:
ಒಫೀಲಿಯಾ ಬರಗಾನ್,
ಯಾಕಿಮಾದ ಸೇಬಿನ ಗೋದಾಮು, ರಾತ್ರಿ ಪಾಳಿ.

ನಸುಕಿನ ಮೂರಕ್ಕೆ ಹತ್ತು ನಿಮಿಷ ಬಿಡುವು.
ಲಾರಿಗಳ ಹಿಂದೆ ನಿಂತು, ಕತ್ತೆತ್ತಿ,
ಆರು ವರ್ಷದಿಂದ ದಿನಾ ನೋಡ್ತಾಳಂತೆ.
"ಮುಖಪರಿಚಯ ಇದೆ ಎಲ್ಲರದ್ದೂ," ಅಂದಳು,
ಶುಲ್ಕದ ನೋಟು ಎಣಿಸುತ್ತ,
"ಹೆಸರು ಕೇಳೋಣ ಅಂತ ಬಂದೆ."