ಚಾಲಕನ ಬೆನ್ನ ಹಿಂದಿನ ಸೀಟು

ಈ ಸೀಟು ಯಾರಿಗೂ ಬೇಡ.
ಇಲ್ಲಿ ಕೂತವನಿಗೆ ಸಂಬಳವಿಲ್ಲದ ಕಂಡಕ್ಟರ್ ಕೆಲಸ
ತಾನಾಗಿ ಅಂಟಿಕೊಳ್ಳುತ್ತದೆ.
ಸಾನ್ ಪಾಬ್ಲೊದಿಂದ ನಾಗ್‌ಕಾರ್ಲಾನಿಗೆ ಹೊರಟ ಜೀಪ್ನಿಯಲ್ಲಿ
ಓಡಿ ಬಂದು ಹತ್ತಿದ ನನಗೆ ಉಳಿದದ್ದು ಇದೊಂದೇ.

"ಬಾಯಾದ್ ಪೋ," ದುಡ್ಡು ಹಿಡೀರಿ ಸ್ವಾಮಿ ಎಂದು
ಬಾಗಿಲ ಕಡೆಯಿಂದೊಂದು ದನಿ.
ಹೊರಟಿತು ನಾಣ್ಯ,
ಮೀನು ಮಾರುವವಳ ಒದ್ದೆ ಬೆರಳಿಂದ
ಶಾಲೆಯ ಹುಡುಗನ ಶಾಯಿ ಬೆರಳಿಗೆ,
ಅಲ್ಲಿಂದ ರಾತ್ರಿಪಾಳಿ ಮುಗಿಸಿದ ಕಾವಲುಗಾರನ ಅಂಗೈಗೆ
(ಕಣ್ಣು ತೆರೆಯದೆಯೇ ದಾಟಿಸಿದ),
ಕೊನೆಗೆ ನನಗೆ, ನನ್ನಿಂದ
ಹೆಗಲ ಮೇಲಿಂದ ಚಾಚಿದ ಮಾಂಗ್ ಆಂಬೊನ ಕೈಗೆ.
ಅಷ್ಟೂ ಕೈಗಳ ಬಿಸಿ ಅದಕ್ಕಿತ್ತು.
ಚಿಲ್ಲರೆಯೂ ಅದೇ ದಾರಿ ಹಿಡಿದು ಮರಳಿತು.
ಯಾರೂ ಎಣಿಸಲಿಲ್ಲ.

ಈ ಬಂಡಿಯ ಅಜ್ಜ
ಯಾರದೋ ಯುದ್ಧ ಮುಗಿದ ಮೇಲೆ ಯಾರೋ ಬಿಟ್ಟುಹೋದ ಜೀಪು.
ನಾವದನ್ನು ಜಗ್ಗಿ ಉದ್ದ ಮಾಡಿದೆವು, ತಗಡು ಬಡಿದೆವು,
ಅವರಿಗಿಂತ ಮೊದಲು ಬಂದವರು ತಂದ ಸಂತರನ್ನು ಹತ್ತಿಸಿದೆವು.
ಎಂಜಿನ್ ಜಪಾನಿನದು, ಹಳೆಯದು.
ಮೂತಿಯ ಮೇಲೆ ಕುದುರೆ, ಪಕ್ಕೆಯಲ್ಲಿ ಮಗಳ ಹೆಸರು,
ಕನ್ನಡಿಗೆ ದುಂಡುಮಲ್ಲಿಗೆ.
ಇದರಲ್ಲಿ ನಿಮ್ಮದು ಅಂತ ಏನಿದೆ ಎಂದು
ಒಮ್ಮೆ ಒಬ್ಬ ಪ್ರವಾಸಿ ಕೇಳಿದ್ದ.
"ಹತ್ತಿ, ಇನ್ನೊಬ್ಬರಿಗೆ ಜಾಗ ಇದೆ," ಅಂದಿದ್ದ ಮಾಂಗ್ ಆಂಬೊ.
ಇರಲಿಲ್ಲ.
ಆದರೂ ಆಯಿತು.

ಅಲಿಂಗ್ ರೊಸೆಂಡಾ ಕರ್ಚೀಫಿನ ಗಂಟು ಬಿಚ್ಚಿದಳು,
ಮತ್ತೆ ಕಟ್ಟಿದಳು,
ಎಂದೂ ಕಾಣದವಳ ಹಾಗೆ ತೆಂಗಿನ ಮರಗಳನ್ನು ನೋಡಿದಳು.
ಗೊತ್ತು ನಮಗೆ ಆ ನೋಟ. ಹಿಯಾ ಅನ್ನುತ್ತೇವೆ,
ನಾಚಿಕೆಗಿಂತ ಒಂದು ಗೇಣು ಆಳದ್ದು.
ಆಮೇಲೆ ಮೂರು ನಾಣ್ಯ ದಾಟಿಸಿದಳು. ಸಾಲದು.
ದಾರಿಯಲ್ಲಿ ಅವು ಮರಿ ಹಾಕಿದವು.
ನನ್ನ ಕೈಗೆ ಬರುವ ಹೊತ್ತಿಗೆ ಲೆಕ್ಕ ಸರಿಯಿತ್ತು.
ಶಾಯಿಯ ಹುಡುಗನೋ, ಕಣ್ಣು ಮುಚ್ಚಿದವನೋ,
ಕೇಳಿದರೆ ಅವಳ ಮುಖ ಎಲ್ಲಿಡುವುದು?
ಎಲ್ಲರೂ ರಸ್ತೆ ನೋಡಿದೆವು.

ಇಷ್ಟೇ ಆಗಿದ್ದರೆ ಊರಿನ ಬಗ್ಗೆ ಜಂಭ ಪಡುತ್ತಿದ್ದೆ.
ತಿರುವಿನಲ್ಲಿ ಮೇಯರನ ಮುಖ,
ಹನ್ನೆರಡು ಅಡಿಯ ಬ್ಯಾನರು, ಹಲ್ಲೇ ಮೊದಲು.
ರೊಸೆಂಡಾಳ ಗಂಡನ ಶವಪೆಟ್ಟಿಗೆ ಅವನು ಕೊಡಿಸಿದ್ದು,
ಹಿತ್ತಾಳೆ ಹಿಡಿಯದ್ದು. ಐದು ರಾತ್ರಿಯ ಜಾಗರಣೆಗೆ
ಕಾಫಿ, ಬಿಸ್ಕತ್ತು ಕೂಡ.
ಅದೂ ಹೀಗೆಯೇ ಬಂದಿತ್ತು, ಕೈಯಿಂದ ಕೈಗೆ,
ಮೇಯರನಿಂದ ಬರಾಂಗಾಯ್ ಮುಖಂಡನಿಗೆ,
ಅವನಿಂದ ಅವನ ಭಾವಮೈದುನನಿಗೆ.
ಪತ್ರವಿಲ್ಲ, ಬಡ್ಡಿಯಿಲ್ಲ, ಗಡುವಿಲ್ಲ.
ಒಳಗಿನ ಸಾಲ ಎಂದು ಅದರ ಹೆಸರು.
ತೀರುವಂಥದ್ದು ಸಾಲ; ಇದು ಋಣ.
ಸೇತುವೆಯ ಸಿಮೆಂಟು ಯಾರ ಅಂಗಳ ಸೇರಿತೆಂದು
ಅವಳಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು.
ಆದರೂ ಮೇ ತಿಂಗಳಲ್ಲಿ, ಮತಚೀಟಿಯ ಮೇಲೆ,
ಅವಳ ಪೆನ್ನು ಬೇರೆಲ್ಲೂ ಇಳಿಯಲು ಒಪ್ಪುವುದಿಲ್ಲ.

ನಮ್ಮ ಮಾತಿನಲ್ಲಿ ನಾವು ಎನ್ನಲು ಎರಡು ಪದ.
ತಾಯೊ ಎಂದರೆ ನೀನೂ ಸೇರಿದ ನಾವು.
ಕಮಿ ಎಂದರೆ ನೀನು ಹೊರಗೆ ನಿಂತ ನಾವು.
ಬ್ಯಾನರಿನಲ್ಲಿ ಮೇಯರ್ ಮೊದಲನೆಯದನ್ನು ಬರೆಸಿದ್ದಾನೆ,
ಕೆಂಪಕ್ಷರದಲ್ಲಿ.
ಅವನ ಗೇಟಿನ ಕಾವಲುಗಾರ,
ಇವನೇ, ಇಲ್ಲಿ ತೂಕಡಿಸುತ್ತಿರುವವನೇ,
ರಾತ್ರಿಯಿಡೀ ಎರಡನೆಯದನ್ನು ಕಾಯುತ್ತಾನೆ.

"ಪಾರಾ!" ರೊಸೆಂಡಾ ಬೆರಳ ಗೆಣ್ಣಿನಿಂದ ಛಾವಣಿ ಕುಟ್ಟಿದಳು.
ಇಳಿಯುವಾಗ ಮೀನಿನವಳು ಬೈಯುತ್ತಲೇ
ಅವಳ ಚೀಲಕ್ಕೊಂದು ಪೊಟ್ಟಣ ತುರುಕಿದಳು:
"ಉಳಿದದ್ದು. ನಾಳೆಗೆ ನಾರುತ್ತೆ. ತಗೊಂಡ್ಹೋಗು."
ಮೀನಿನ ಕಣ್ಣು ಇನ್ನೂ ಫಳಫಳ ಅನ್ನುತ್ತಿತ್ತು.

ಇದೂ ಋಣವೇ?
ಪೆಟ್ಟಿಗೆಗೂ ಪೊಟ್ಟಣಕ್ಕೂ ನಡುವಿನ ಗೆರೆ
ಹುಡುಕುತ್ತಿದ್ದೆ, ಅಷ್ಟರಲ್ಲಿ
ಹಿಂದಿನಿಂದ ಮತ್ತೆ "ಬಾಯಾದ್ ಪೋ."
ನನ್ನ ಕೈ
ನನ್ನನ್ನು ಕೇಳದೆಯೇ ಚಾಚಿಕೊಂಡಿತ್ತು.