ಹೆಣದ ಪಾತ್ರ

ಏಳು ಕಾಮಿಡಿ ಮಾಡಿದ ತಿಪ್ಪೇಶಿಗೆ
ಎಂಟನೆಯದರಲ್ಲಿ ಕೊಲೆ ಬೇಕಾಯಿತು.
ಹೆಣವಾಗಲು ನನ್ನನ್ನು ಕರೆದ,
ಮಂಡಕ್ಕಿ ಭಟ್ಟಿಯ ಬಿಸಿ ಮರಳಲ್ಲಿ
ಅಕ್ಕಿ ಅರಳಿಸುವವನನ್ನು.
ದಿನಕ್ಕೆ ಎಂಟುನೂರು, ಊಟ ಬೇರೆ.
"ಮಾಬುಸಾಬ, ನಿನ್ನ ಮುಖದಾಗ ನಗೂನೇ ಇಲ್ಲಲೇ, ಅದಕ್ಕ."
ನನ್ನ ಹೆಂಡತಿ ಇದನ್ನು ಪುಕ್ಕಟೆ ಹೇಳಿದ್ದಳು.

ಮುಚ್ಚಿದ ಮಿಲ್ಲಿನ ಗೋಡೌನು.
ಯಾವ ಕಾಲದ ಹತ್ತಿಯೋ
ಇನ್ನೂ ತೊಲೆಗಳಲ್ಲಿ ಜೋತಾಡುತ್ತಿತ್ತು.
ಎದೆಗೆ ಚಾಕು, ಅಂಗಿಗೆ ಬೆಲ್ಲದ ಕೆಂಪು ಪಾಕ.
ಇರುವೆ ಬಂದವು. ಸತ್ತೇ ಇದ್ದೆ.
ಇನ್ಸ್‌ಪೆಕ್ಟರ್ ಬಗ್ಗಿ ನನ್ನ ರೆಪ್ಪೆ ಎತ್ತಿದಾಗ
ಒಂದೆಳೆ ಹತ್ತಿ ತೇಲಿ ಬಂದು
ಮೂಗಿನ ಮೇಲೆ ಕೂತಿತು.

ಸೀನಿದೆ.

ಲೈಟಿನ ಹುಡುಗರು ನೆಲ ಬಡಿದು ನಕ್ಕರು.
ಇನ್ಸ್‌ಪೆಕ್ಟರಿನ ಮೀಸೆ ಒಂದು ಕಡೆ ಬಿಟ್ಟುಕೊಂಡಿತು.
ತಿಪ್ಪೇಶಿ ಒಬ್ಬನೇ ನಗಲಿಲ್ಲ.
ಹಸಿದವನು ಖಾನಾವಳಿ ದಾಟುವ ಹಾಗೆ
ನಮ್ಮನ್ನು ದಾಟಿ ಹೋಗಿ
ಗೋಡೆ ಕಡೆ ಮುಖ ಮಾಡಿ ನಿಂತ.

ರಿಲೀಸಿನ ದಿನ ಪಿ.ಬಿ. ರಸ್ತೆಯ ಟಾಕೀಸು ಭರ್ತಿ.
ಅವನ ಹೆಸರು ಬಿದ್ದ ಕೂಡಲೇ ಸಿಳ್ಳೆ.
ಕೊಲೆಗಾರ ಚಾಕು ತೆಗೆದ, ನಕ್ಕರು.
ವಿಧವೆ ಅತ್ತಳು, ಆಗಲೂ ನಕ್ಕರು.
ತಪ್ಪು ಅವರದಷ್ಟೇ ಅಲ್ಲ ಬಿಡ್ರಿ.
ಚಟ ಬಿಡದೆ ಇವನೂ ಒಬ್ಬ ಕಾನ್‌ಸ್ಟೇಬಲ್‌ನನ್ನು
ಮೆಟ್ಟಿಲ ಮೇಲೆ ಜಾರಿಸಿದ್ದ.
ಕೊನೆಗೆ ನ್ಯಾಯದ ಬಗ್ಗೆ ಭಾಷಣ,
ಹನ್ನೊಂದು ನಿಮಿಷ,
ಒಂದಾಗಿ ಬರೋಣ ಅಂತ ಎದ್ದವರು
ಬಂದರೂ ಮುಗಿದಿರಲಿಲ್ಲ.

ಆದರೆ ನಡುವೆ ಒಂದು ಕಡೆ,
ಕೊಂದು ಮನೆಗೆ ಬಂದ ಮಿಲ್ಲಿನ ಗುಮಾಸ್ತನಿಗೆ
ಮಗಳು ಪೆನ್ಸಿಲ್ ಕೊಡುತ್ತಾಳೆ, ಹೆರೆದುಕೊಡು ಅಂತ.
ಹೆರೆಯುತ್ತಾನೆ. ಮೊನೆ ಮುರಿಯುತ್ತದೆ.
ಮತ್ತೆ ಹೆರೆಯುತ್ತಾನೆ. ಮತ್ತೆ.
ಬೆರಳಷ್ಟಾಯಿತು, ಉಗುರಷ್ಟಾಯಿತು,
ಮಗು ಕೈ ಚಾಚಿಕೊಂಡೇ ನಿಂತಿದೆ.
ಟಾಕೀಸಿನಲ್ಲಿ ಫ್ಯಾನಿನ ಸದ್ದು ಕೇಳಿಸಿತು.
ನನ್ನ ಬಾಯೊಳಗಿನ ಮಂಡಕ್ಕಿ
ಅಗಿಯದೆ ಮೆತ್ತಗಾಯಿತು.

ನಾಲ್ಕೇ ದಿನ ಓಡಿತು.
ಐದನೆಯ ರಾತ್ರಿ ಭಟ್ಟಿಗೆ ಬಂದ,
ಹೊಗೆಯಲ್ಲಿ ಕಣ್ಣುಜ್ಜುತ್ತ.
"ಹೆಂಗಿತ್ತಲೇ?"
"ಪೆನ್ಸಿಲ್ಲು" ಅಂದೆ.
ಬಹಳ ಹೊತ್ತು ಸುಮ್ಮನಿದ್ದ.
"ಅದು ಬರೆದಿದ್ದಲ್ಲ.
ಪೆನ್ಸಿಲ್ ಖರೇನ ಮುರೀತು.
ಕಟ್ ಅನ್ನೋದು ಮರೆತೆ."

ಖಾರ ಹಚ್ಚದ ಮಂಡಕ್ಕಿ ಒಂದು ಬೊಗಸೆ ಕೇಳಿದ,
ನಿಂತೇ ತಿಂದ.
ನನಗೆ ಒಂದು ದಿನದ ಪಗಾರ ಬಾಕಿ ಇತ್ತು.
ಕೇಳಲಿಲ್ಲ.