ಎಡಮೂಲಿ

ಗದಗ. ಕಾಲೇಜಿನ ಕಬಡ್ಡಿ ಅಂಗಳ. ಮ್ಯಾಟ್ ಇಲ್ಲ, ಮಣ್ಣು.
ನನ್ನ ತೊಡಿ ಮ್ಯಾಲ ತಂಡದವರು ಕೊಟ್ಟ ಫಾರ್ಮು.
ತುಳಜಾಸಾ ಬಾಕಳೆ, ಬಿ.ಎ. ಎರಡನೇ ವರ್ಷ,
ತೂಕ ಎಪ್ಪತ್ತೊಂದು,
ಎಡಮೂಲಿ.

ಹಿಡಿದದ್ದೆಷ್ಟು? ಕೇಳತೈತಿ ಫಾರ್ಮು.
ಮೂರು ಪಂದ್ಯ ನೋಡೇನಿ. ಒಂದು.
ಬಲಮೂಲಿ ಹುಡುಗ ಹನ್ನೊಂದು ಹಿಡದ,
ತೊಡಿ ತಟ್ಟಿದ, ಫೋಟೋ ಹೊಡಿಸ್ಕೊಂಡ.

ಆದರ ದಾಳಿಗೆ ಬಂದವರೆಲ್ಲ
ಗೆರಿ ದಾಟಿ, ಒಮ್ಮೆ ಇವನ ಕಡೆ ನೋಡಿ
ಬಲಕ್ಕ ಹೊಳ್ಳತಿದ್ದರು,
ಸಾಲ ಕೊಟ್ಟಾವ ಕೂತ ಕಟ್ಟಿ ಕಂಡು
ಓಣಿ ಬದಲಿಸಿಧಂಗ.
ಬರಲಾರದ ಕಾಲಿನ ಲೆಕ್ಕ
ಯಾವ ಕಾಲಮ್ಮಿನ್ಯಾಗ ಬರೀಲಿ?

ಆ ಒಂದು ಹೇಳತೇನಿ:
ಬೋನಸ್ ಗೆರಿ ಮ್ಯಾಲ ಕಾಲು ಚಾಚಿತ್ತು,
ಹಿಂದಿನ ಹಿಮ್ಮಡಿ ಎದ್ದಿತ್ತು.
ಇವ ಜಿಗೀಲಿಲ್ಲ. ಕಾದ.
ಮೈಭಾರ ನೆಲಕ್ಕ ಇಳಿಯೂತನಾ ಕಾದ.
ಆಮ್ಯಾಲ, ಅಗಳಿ ಬಿದ್ದಂಥ ಸಪ್ಪಳ.

"ಮಾರಿ ನೋಡಂಗಿಲ್ಲೇನೋ ನೀ?"
"ಬೆಟಗೇರಿಯಾಗ ನಮ್ಮಜ್ಜಿದು ಕುಣಿಮಗ್ಗ, ಸರ.
ಕುಣಿ ದಂಡಿಗೆ ಬೋರಲ ಮಲಗಿ
ಆಕಿ ಪಾದಾನ ನೋಡತಿದ್ದೆ.
ಈಗ ಯಾವುದು ತುಳೀತಾಳಂತ
ಮೊದಲ ಹೇಳಿದರ ಒಂದು ಪೆಪ್ಪರ್‌ಮಿಂಟ."
"ತಪ್ಪಿದರ?"
"ಲಾಳಿ ತಲಿಗೆ, ಸರ."

ಬಲಗೈ ಹಿಡಿತ ಸಡಿಲ ಐತಿ, ಬರದೆ.
ಬೂಟು ಹಾಕಿ ಆಡಿದಾವಲ್ಲ, ಅದನ್ನೂ ಬರದೆ.
ಸುಳ್ಳು ಬರದು ಕಳಿಸಿದ ಹುಡುಗೋರು
ಹೊಳ್ಳಿ ಬಂದದ್ದು ನೋಡೇನಿ ನಾನು.

ಕಡೀಗೆ ಷರಾ. ಎರಡು ಬಟ್ಟಿನಷ್ಟು ಜಾಗಾ.
ಪೆನ್ನು ಝಾಡಿಸಿ ಬರದೆ:
ಇವನ ಕಡೆ ಯಾರೂ ಹೋಗಲಿಲ್ಲ.

ಪುಣೆ ಆಫೀಸಿನಾವ
ಇದನ್ನ ಬೈಗುಳ ಅಂತ ಓದಿಕೊಂಡರ
ಫೋನ್ ಮಾಡಬೇಕು.